ದಾಳಿಂಬೆ ಸಿಪ್ಪೆಯ ಗುರುತು

ನಿಂಬೆಹೋಳಿನಿಂದ ಅಪ್ಪನ ಹೆಬ್ಬೆರಳನ್ನು ತಿಕ್ಕಿ ತಿಕ್ಕಿ ಮಗಳ ಕೈ ಸೋತಿತ್ತು. ನಲವತ್ತು ವರ್ಷ ಬಿಲ್ಲುಗಳಿಗೆ ಸೊಪ್ಪು ಸಿಪ್ಪೆಗಳ ಬಣ್ಣ ಹಾಕಿ ಕಪ್ಪಾದ ಬೆರಳು, ಈಗ ಕಟ್ಟಿಗೆಯಷ್ಟು ತಣ್ಣಗಿತ್ತು.

"ಇನ್ನೊಂದು ಹೋಳು ತಗೋ," ಎಂದಳು ಸೋದರತ್ತೆ. "ಬದುಕಿರೋವರೆಗೂ ಇದ್ದಿಲು ಮಾರೋನ ಥರ ಓಡಾಡ್ದ. ಹೋಗುವಾಗಲಾದ್ರೂ ನನ್ನ ತಮ್ಮ ಚೊಕ್ಕಟವಾಗಿ ಹೋಗ್ಲಿ."

ಶವದ ಪೆಟ್ಟಿಗೆ ತಂದಿದ್ದ ಬಡಗಿ ಬಾಗಿಲಲ್ಲೇ ನಿಂತಿದ್ದ. "ಅಕ್ಕ, ಆ ಬಣ್ಣ ಅವನ ಜೊತೇಲೇ ಹುಟ್ಟಿದ್ದು. ಬಿಟ್ಬಿಡಿ, ಪಾಪ."

ಆದರೆ ಬಣ್ಣ ಹೋಗೇಬಿಟ್ಟಿತು. ಹಳೆಯ ಅಡ್ಡಗಾಯವೊಂದನ್ನು ಬಿಟ್ಟರೆ ಬೆರಳು ಎಳೆಮಗುವಿನದರಂತೆ ಬಿಳುಪಾಗಿತ್ತು. ಯಾರದೋ ಕೈ ಹಿಡಿದುಕೊಂಡು ಕೂತಿದ್ದೇನೆ ಅನ್ನಿಸಿ ಮಗಳಿಗೆ ಭಯವಾಯಿತು.

"ನೀನು ಮಾಡಿದ ಆ ಕೊನೇ ಬಿಲ್ಲನ್ನೂ ಜೊತೇಲಿಡೋಣ," ಎಂದಳು ಅತ್ತೆ. "ಹೆಂಗಿದ್ರೂ ಅಂಗಡಿಗೆ ಬೀಗ ಹಾಕಿ ಸಂಜೆ ನಮ್ಮನೆಗೆ ಬರ್ತೀಯಲ್ಲ."

ಮಗಳು ಹೂಂ ಅಂದಳು. ಅಪ್ಪ ಒಪ್ಪದ ಬಿಲ್ಲನ್ನು ಇಟ್ಟುಕೊಂಡು ಯಾವ ಮುಖದಲ್ಲಿ ಅಂಗಡಿ ತೆರೆಯುವುದು?

*

ಬಣ್ಣಕ್ಕೂ ಮೊದಲು ಅಪ್ಪನ ಹೆಬ್ಬೆರಳು. ಅದನ್ನು ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಅದ್ದಿ, ಹಿಡಿಕೆಯ ಕೆಳಗೆ ಬರಿಮರದ ಮೇಲೆ ಒತ್ತಿ, ಎಡಕ್ಕೆ ಒಂದಿಷ್ಟೇ ತಿರುಗಿಸುತ್ತಿದ್ದ. ಒಣಗಿದರೆ ಏನೂ ಕಾಣದು. ತುಕ್ಕುಮೊಳೆ ನೆನೆಸಿದ ಹುಳಿನೀರು ಸವರಿದಾಗಲೇ ಗುರುತು ಕಪ್ಪಗೆ ಮೇಲೇಳುವುದು. ಆಮೇಲೆ ಮಂಜಿಷ್ಠದ ಬೇರು ಕುದಿಸಿದ ಕೆಂಪು ಬಣ್ಣ. ಗುರುತಿಲ್ಲದ ಒಂದು ಬಿಲ್ಲೂ ಹೊಸ್ತಿಲು ದಾಟಿದ್ದಿಲ್ಲ.

ಅಪ್ಪ ಹಾಸಿಗೆ ಹಿಡಿದ ಮೇಲೆ ಮಗಳು ಒಬ್ಬಳೇ ಒಂದು ಬಿಲ್ಲು ಮಾಡಿದಳು. ಅವನು ಮಲಗಿದಲ್ಲಿಂದಲೇ ಮುಟ್ಟಿ ನೋಡಿ, "ಕೆಳಗಡೆ ಇನ್ನೂ ಬಿಗಿ. ಹೆರೆ," ಎಂದ. ಹೆರೆದಳು. ಮತ್ತೆ ಅದೇ ಮಾತು. ನಾಲ್ಕನೇ ಸಲ ಅವಳಿಗೆ ರೇಗಿತು.

"ನೀನು ಸಾಯೋವರೆಗೂ ಹೆರೀತಾನೇ ಇರ್ಲಾ?"

ಆಡಿದ ಮಾತು, ಒಡೆದ ಮುತ್ತು. ಅಪ್ಪನಿಗೆ ಮಾತ್ರ ಸಿಟ್ಟು ಬರಲಿಲ್ಲ. "ಸರಿಹೋದ ದಿನ ನಾನೇ ಗುರುತು ಒತ್ತುತೀನಿ ಬಿಡು. ನೀನು ಕೇಳೋದೂ ಬೇಡ."

ಎರಡು ದಿನಕ್ಕೆ ಹೋಗಿಬಿಟ್ಟ. ಇವತ್ತು ಬೆಳಿಗ್ಗೆ, ಯಾರೂ ಬರುವ ಮೊದಲು, ಅವಳು ಅಳುತ್ತಲೇ ಆ ಬಿಲ್ಲನ್ನು ಇನ್ನೊಮ್ಮೆ ಪೂರ್ತಿ ಹೆರೆದಿದ್ದಳು.

*

ಪೆಟ್ಟಿಗೆ ಮುಚ್ಚಲು ಬಡಗಿ ಮುಚ್ಚಳ ಎತ್ತಿಕೊಂಡಾಗ ಮಗಳಿಗೆ ತಡೆಯಲಾಗಲಿಲ್ಲ.

"ಬೇಡ ಅತ್ತೆ. ಅದನ್ನ ಮಣ್ಣಿಗೆ ಹಾಕೋಕೆ ನನ್ನ ಕೈಲಾಗಲ್ಲ."

ಪೆಟ್ಟಿಗೆಯೊಳಗಿದ್ದ ಬಿಲ್ಲನ್ನು ಹಿಡಿದು ಎಳೆದಳು. ಬರಲಿಲ್ಲ. ಅಪ್ಪನ ಬೆರಳುಗಳು ಹಿಡಿಕೆಯನ್ನು ಸುತ್ತಿಕೊಂಡಿದ್ದವು. ಬಡಗಿಯೂ ಕೈಹಾಕಿ ಒಂದೊಂದಾಗಿ ಬಿಡಿಸಬೇಕಾಯಿತು.

"ನಾನು ಸುಮ್ನೆ ಎದೆ ಮೇಲಿಟ್ಟಿದ್ದೆ ಕಣೋ," ಅತ್ತೆಯ ದನಿ ಇಳಿದಿತ್ತು. "ಕೈಗೆ ಕೊಡಲೇ ಇಲ್ಲ."

"ದೇಹ ಬಿಗಿಯುತ್ತೆ ಅಕ್ಕ. ಹಂಗೆಲ್ಲ ಆಗುತ್ತೆ," ಎಂದ ಬಡಗಿ, ಯಾರ ಮುಖವನ್ನೂ ನೋಡದೆ.

ಮಣ್ಣು ಮಾಡಿ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ಬೀಗ ಹಿಡಿದು ಅಂಗಡಿಯ ಹೊರಗೆ ಕಾದಳು. ಮಗಳು ಒಳಗೆ ಹೋಗಿ, ಬಿಲ್ಲನ್ನು ಮೇಜಿನ ಮೇಲಿಟ್ಟು, ಹುಳಿನೀರಿನಲ್ಲಿ ಕುಂಚ ಅದ್ದಿದಳು. ಯಾಕೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಹಿಡಿಕೆಯ ಕೆಳಗೆ ಒಂದು ಸಲ ಸವರಿದಳು. ಬಿಳಿ ಮರ ಒದ್ದೆಯಾಯಿತು, ಅಷ್ಟೇ.

"ಆಯ್ತೇನೆ?" ಅತ್ತೆ ಕೂಗಿದಳು.

ಅವಳು ಕುಂಚ ಕೆಳಗಿಟ್ಟಳು. ಆಗ ಮರದೊಳಗಿಂದ ಮೆಲ್ಲಗೆ ಒಂದು ಕಪ್ಪು ಗೆರೆ ಮೇಲೆ ಬಂತು. ಅದರ ಪಕ್ಕದಲ್ಲಿ ಇನ್ನೊಂದು. ನಡುವೆ ಅಡ್ಡಗಾಯದ ಬಿಳಿ ಸೀಳು.

"ಬೀಗ ಹಾಕ್ಲೇನೇ?"

"ಬೇಡ ಅತ್ತೆ," ಎಂದಳು. ಮಂಜಿಷ್ಠದ ಪಾತ್ರೆಯ ಕೆಳಗೆ ಒಲೆ ಹಚ್ಚಿ, ಮತ್ತೆ ಬಗ್ಗಿ ನೋಡಿದಳು. ಗುರುತಿನ ಅಂಚು ಎಡಕ್ಕೆ ಒಂದಿಷ್ಟೇ ತಿರುಗಿತ್ತು.