ಖಾಂಗ್ ಮುದುಕನ ಬೋಣಿ

ನನ್ನ ಕೈ ಬೋಣಿ ಅಂದ್ರೆ ನಮ್ಮ ಕ್ವಿನ್ಯೋನ್ ಪೇಟೆಗೇ ನಡುಕ ಕಣಯ್ಯ. ಹನ್ನೆರಡು ವರ್ಷದ ಹಿಂದೆ ಐಸ್ ಅಂಗಡೀಲಿ ಬೆಳಿಗ್ಗೆ ಮೊದಲ ಗಿರಾಕಿ ಆದೆ, ಮಧ್ಯಾಹ್ನಕ್ಕೆ ಮಷೀನು ಸುಟ್ಟೋಯ್ತು. ಟೋಪಿ ಅಂಗಡೀಲಿ ಬೋಣಿ ಮಾಡ್ದೆ, ಸಂಜೆ ಚಂಡಮಾರುತ ಬಂದು ಟೋಪಿಯೆಲ್ಲ ಸಮುದ್ರ ಸೇರ್ಕೊಂಡ್ವು. ಮೂವತ್ತು ವರ್ಷ ಬಸ್ ಓಡಿಸಿದೀನಿ, ನನ್ನ ಚಕ್ರಕ್ಕೆ ಒಂದು ಕೋಳಿ ಸಿಕ್ಕಿಲ್ಲ. ಅದು ಯಾರಿಗೂ ನೆನಪಿಲ್ಲ! ಆ ಟೋಪಿ ಹಾರಿದ ದಿನದಿಂದ ನೂಡಲ್ಸ್ ಮಾರೋ ತ್ರಾಮ್ ನನ್ನ ಕಂಡ್ರೆ ಸೌಟು ಎತ್ತುತ್ತಾಳೆ. "ಏ ಮುದುಕಾ, ಅಲ್ಲೇ ನಿಲ್ಲು! ಇನ್ನೂ ಬೋಣಿ ಆಗಿಲ್ಲ." ನಿಲ್ತೀನಿ. ಇನ್ಯಾರೋ ಒಂದು ಬಟ್ಟಲು ತಿಂದ್ಮೇಲೇ ನನಗೆ.

ಇಂಥಾ ಬೀದಿಗೆ ಬಂದ್ಲು ದಿಯೆಪ್. ದಾಲಾತ್ ಬೆಟ್ಟದ ಮೇಲೆ ಹನ್ನೊಂದು ವರ್ಷ ಪುಸ್ತಕದಂಗಡಿ ನಡೆಸಿದ ಹೆಂಗಸು. ಅಲ್ಲಿ ಕಟ್ಟಡ ಕೆಡವಿದ್ರಂತೆ. ಅರವತ್ತು ಡಬ್ಬ ಪುಸ್ತಕ ಹೇರ್ಕೊಂಡು ಈ ಉಪ್ಪುಗಾಳಿಗೆ ಇಳಿದಿದ್ಲು.

"ಚಿಕ್ಕಪ್ಪ, ಇಲ್ಲೂ ನಡೀಲಿಲ್ಲ ಅಂದ್ರೆ ಎಲ್ಲಾ ರದ್ದಿಗೆ ಹಾಕಿ ಅಕ್ಕನ ಕಾಫಿ ತೋಟ ಸೇರ್ಕೋತೀನಿ" ಅಂದ್ಲು. ನನ್ನ ಕೈಗುಣ ಅವಳಿಗೇನು ಗೊತ್ತು ಪಾಪ. ಬಾಗಿಲು ತೆಗೆಯೋ ದಿನ ಆ ಕಡೆ ತಲೆ ಹಾಕಬಾರದು ಅಂತ ನಾನೇ ಆಣೆ ಇಟ್ಕೊಂಡೆ.

ಬೋಣಿಗೆ ಅವಳು ಹೆಡ್‌ಮೇಷ್ಟ್ರು ವಿನ್ಹ್‌ನ ಕರೆದಿದ್ಲು. ಆತ ಬೋಣಿ ಮಾಡಿದ ಮೂರು ಅಂಗಡಿಗೂ ಮಹಡಿ ಎದ್ದಿದೆ. ಒಂಬತ್ತಕ್ಕೆ ಬರ್ಬೇಕು. ಎಂಟೂವರೆಗೆ ಪಟಪಟ ಹನಿ ಶುರುವಾಯ್ತು. ನಾನು ಎದುರು ತ್ರಾಮ್ ಅಂಗಡಿ ಪಕ್ಕ ಕೂತಿದ್ದೆ. ದಿಯೆಪ್‌ದು ಒಂದು ಡಬ್ಬ ಬೀದೀಲೇ ಇದೆ, ಇವಳು ಒಳಗೆ ಏಣಿ ಮೇಲೆ. ನೋಡ್ಕೊಂಡು ಕೂರೋಕೆ ನಾನೇನು ಕಲ್ಲಾ? ಎತ್ತಿ ಒಳಗಿಟ್ಟೆ. ಮೇಲೇ ಒಂದು ಪುಸ್ತಕ, ಹಳೇ ಬಸ್ ಇಂಜಿನ್ನಿಂದು. ತೆಗೆದು ನೋಡ್ತೀನಿ, ಗೇರ್ ಪೆಟ್ಟಿಗೆ ಚಿತ್ರ ತಪ್ಪು! ನನ್ನ ಬಸ್ಸೇ ಅದು, ನನಗೆ ಗೊತ್ತಿಲ್ವಾ? ಮೈಯೆಲ್ಲ ಉರಿದು, ಆಣೆ ಮರೆತು, ಆ ತಪ್ಪನ್ನ ನಾಲ್ಕು ಜನಕ್ಕೆ ತೋರಿಸೋಕೆ "ಇದೆಷ್ಟು?" ಅಂದ್ಬಿಟ್ಟೆ. ಅವಳು ಏಣಿ ಇಳಿದು ಅಭ್ಯಾಸಬಲದಲ್ಲಿ ದುಡ್ಡು ತಗೊಂಡೂಬಿಟ್ಲು.

ಎದುರಿಂದ ತ್ರಾಮ್ ಕಿರುಚಿದ್ಲು. "ಅಯ್ಯಯ್ಯೋ! ಹಾಳಾದೋನು ಬೋಣಿ ಮಾಡ್ಬಿಟ್ಟ!"

ಕೆಟ್ಟ ಬೋಣಿಯ ದೋಷ ಹೋಗ್ಲಿ ಅಂತ ನಮ್ಮಲ್ಲಿ ಹೊಸ್ತಿಲಲ್ಲಿ ಕಾಗದ ಸುಡ್ತಾರಲ್ಲ, ತ್ರಾಮ್ ಒಂದು ಕಟ್ಟು ನ್ಯೂಸ್‌ಪೇಪರ್ ತಂದು ಕಡ್ಡಿ ಗೀರೇಬಿಟ್ಲು.

"ಅಮ್ಮಾ ತಾಯಿ, ಇದು ಪುಸ್ತಕದಂಗಡಿ!" ಅಂತ ದಿಯೆಪ್ ಬಾಗಿಲಲ್ಲಿ ಹೂವು ಇಟ್ಟಿದ್ದ ನೀರಿನ ಬಕೆಟ್ ಎತ್ತಿ ಸುರಿದ್ಲು. ಅರ್ಧ ನೀರು ಬೆಂಕಿಗೆ, ಅರ್ಧ ತ್ರಾಮ್‌ಗೆ, ಎರಡು ಸೇವಂತಿಗೆ ಅವಳ ತಲೆಗೆ. ಹೊಗೆ ನೋಡಿ ಮೀನಿನೋರು, ತೆಂಗಿನೋರು, ಇಡೀ ಪೇಟೆ ಓಡಿ ಬಂತು. ಮೇಷ್ಟ್ರು ಹೂಬುಟ್ಟಿ ಹಿಡ್ಕೊಂಡು ಜನರ ಹಿಂದೆ ಸಿಕ್ಕಾಕೊಂಡ್ರು.

ನಾನು ಪುಸ್ತಕ ಬೆನ್ನ ಹಿಂದೆ ಬಚ್ಚಿಟ್ಕೊಂಡು ಮೂಲೆ ಸೇರ್ದೆ. ಮುಗೀತು, ಇವಳನ್ನ ಕಾಫಿ ತೋಟಕ್ಕೆ ಕಳಿಸ್ದೆ ಅಂತ.

ದಿಯೆಪ್ ತ್ರಾಮ್‌ನ ಫ್ಯಾನ್ ಕೆಳಗೆ ಕೂರಿಸಿ ಟವೆಲ್ ಕೊಟ್ಲು. ಒಣಗ್ತಾ ಕೂತೋಳು ಪಕ್ಕದಲ್ಲಿದ್ದ ಅಡುಗೆ ಪುಸ್ತಕ ಬಿಡಿಸಿದ್ಲು. "ಯಾವೋನು ಬರ್ದಿದ್ದು? ಮೀನಿನ ಸಾರಿಗೆ ಟೊಮೇಟೊ ಕೊನೇಲಿ ಹಾಕ್ಬೇಕಂತೆ! ಇದನ್ನ ನನ್ನ ನಾದಿನಿಗೆ ತೋರಿಸ್ಲೇಬೇಕು, ಕಟ್ಟಿಕೊಡು." ಮೀನಿನೋಳು ಬಗ್ಗಿ ನೋಡಿ "ಕೊನೇಲೇ ಹಾಕೋದು ಕಣೇ, ನನಗೂ ಒಂದು ಕೊಡಮ್ಮ" ಅಂದ್ಲು. ಶುರುವಾಯ್ತು ನೋಡು! ದೋಣಿಯೋನು ಕಡಲ ಗಾಳಿ ಲೆಕ್ಕದ ಪುಸ್ತಕದಲ್ಲಿ ತಪ್ಪು ಹಿಡಿದ. ನಾಟಿ ವೈದ್ಯ ಬೇರಿನ ಪುಸ್ತಕದಲ್ಲಿ ಹದಿನಾಲ್ಕು ಹಿಡಿದ. ಹಿಡಿದೋರೆಲ್ಲ ಕೊಂಡ್ರು, ಮನೇಲಿ ಜಗಳಕ್ಕೆ ಸಾಕ್ಷಿ ಬೇಕಲ್ಲ. ಸಂಜೆಗೆ ನಾಲ್ಕು ಡಬ್ಬ ಖಾಲಿ.

"ನನ್ನ ಬೆಂಕಿ ನೋಡು, ಹೆಂಗೆ ಕೆಲಸ ಮಾಡ್ತು" ಅಂದ್ಲು ತ್ರಾಮ್, ಸೇವಂತಿಗೆ ಇನ್ನೂ ತಲೇಲೇ.

ಮಾರನೇ ದಿನ ಆರೂವರೆಗೆ ನನ್ನ ಬಾಗಿಲು ಬಡಿದ್ರು. ದಿಯೆಪ್. "ಚಿಕ್ಕಪ್ಪ, ಬೇಗ ಚಪ್ಪಲಿ ಮೆಟ್ಟಿ. ಮೇಷ್ಟ್ರು ಆಗ್ಲೇ ಬಂದಿದಾರೆ, ಅಂಗಡಿ ಹೊರಗೆ ನಿಲ್ಲಿಸಿದೀನಿ. ಇನ್ನೂ ಬೋಣಿ ಆಗಿಲ್ಲ."