ಎಲುಬಿನ ಫೋಟೋದಲ್ಲಿ ಕೂತ ಗಿಣಿ

ನಾನು ಒಂದು ಎಕ್ಸ್‌ರೇ ಹಾಳೆ. ಹುಟ್ಟಿದ್ದು ಹಳಿಯಾಳದ ಒಂದು ದವಾಖಾನೆಯ ಕತ್ತಲೆ ಕೋಣೆಯಲ್ಲಿ. ನನ್ನ ಹುಟ್ಟು ಯಾರಿಗೂ ಸಂತೋಷ ಕೊಡಲಿಲ್ಲ. ನನ್ನ ಮೈಮೇಲೆ ಮೂಡಿದ್ದು ಮಾನಪ್ಪ ಚಿತ್ರಗಾರ ಎಂಬ ಬೋರ್ಡ್ ಪೇಂಟರನ ಬಲಗೈ. ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವನು ಎರಡು ತಿಂಗಳು ಸೊಪ್ಪಿನ ಕಟ್ಟು ಕಟ್ಟಿಸಿಕೊಂಡು, ಆಮೇಲೆ ಡಾಕ್ಟರ ಹತ್ತಿರ ಬಂದಿದ್ದ. ಅಷ್ಟರಲ್ಲಿ ಎಲುಬು ಸೊಟ್ಟಗೆ ಕೂಡಿತ್ತು.

ಡಾಕ್ಟರು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮೊದಲಿನಂಗ ಆಗೂದಿಲ್ಲಪಾ. ಕೈ ಸ್ವಲ್ಪ ನಡುಗತೈತಿ" ಎಂದರು.

"ನಡಗಾಕ ನಾ ಏನ್ ಮುದುಕ ಏನ್ರೀ?" ಎಂದು ಮಾನಪ್ಪ ನನ್ನನ್ನು ಕಸಿದುಕೊಂಡು ಹೊರಟ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದು ನಾನು. ಅದಕ್ಕೇ ಅವನಿಗೆ ನನ್ನ ಮೇಲೆ ಸಿಟ್ಟು. ಮನೆಗೆ ಬಂದವನು ನನ್ನನ್ನು ಲಕೋಟೆ ಸಮೇತ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ.

ಆ ಮೊಳೆಯಿಂದಲೇ ಎಲ್ಲ ನೋಡಿದೆ. ಡಾಕ್ಟರ ಮಾತು ಸುಳ್ಳಾಗಲಿಲ್ಲ. ಮಾನಪ್ಪ ಬೋರ್ಡಿನ ಮುಂದೆ ನಿಂತು ಬ್ರಷ್ ಎತ್ತಿದರೆ ಗೆರೆ ಹಾವಿನಂತೆ ಹೊರಳುತ್ತಿತ್ತು. ಕೈಯ ಆಸರೆಗೆ ಕೋಲು ಆನಿಸಿಕೊಂಡರೆ ಕೋಲೂ ನಡುಗುತ್ತಿತ್ತು. ಬರೆದದ್ದನ್ನು ಸೀಮೆಎಣ್ಣೆಯಲ್ಲಿ ಒರೆಸುವುದು, ಬೋರ್ಡ್ ಬರೆಸಲು ಬಂದವರಿಗೆ "ಪುರುಸೊತ್ತಿಲ್ಲ, ಹೋಗ್ರಿ" ಎಂದು ಸುಳ್ಳು ಹೇಳುವುದು, ದಿನವೂ ಇದೇ ಆಯಿತು. ಹೆಂಡತಿ ನೀಲವ್ವ ಒಣಗಿದ ಬ್ರಷ್‌ಗಳನ್ನು ತೊಳೆದು ಡಬ್ಬಿಯಲ್ಲಿ ನಿಲ್ಲಿಸಿಡುತ್ತಿದ್ದಳು.

ಒಂದು ದಿನ ಮಹಿಳಾ ಮಂಡಳದ ಅಧ್ಯಕ್ಷೆ ಕಾಶಕ್ಕ ಬಂದಳು. ಮಂಡಳದ ಸಭಾಗೃಹ ಹಳೆಯ ಕಟ್ಟಿಗೆ ಡಿಪೋದ ಮಹಡಿಯ ಮೇಲಿತ್ತು. ನೆಲವೆಲ್ಲ ಸಾಗವಾನಿ ಹಲಗೆ, ಒಂದು ತುದಿಯ ವೇದಿಕೆಯೂ ಅದೇ. ಅಲ್ಲಿ ಬಸುರಿಯರ ಕುಬಸ, ಕೂಸಿನ ತೊಟ್ಟಿಲು ಕಾರ್ಯ ಎಂದು ರಂಗೋಲಿ ಹಾಕಿದಾಗಲೆಲ್ಲ ಪುಡಿ ಹಲಗೆಯ ಸಂದಿನಲ್ಲಿ ಇಳಿದು ಕೆಳಗಿನ ದರ್ಜಿ ಅಂಗಡಿಗೆ ಬೀಳುತ್ತಿತ್ತಂತೆ.

"ದರ್ಜಿ ನಿನ್ನೆ ಮ್ಯಾಲ ಬಂದಿದ್ದ. ಕರೀ ಕೋಟಿನ ತುಂಬ ರಂಗೋಲಿ. 'ಅಕ್ಕಾರ, ಇದನ್ನ ತೊಟ್ಟು ಮದುಮಗ ಮದವಿಗೆ ಹೋಗಬೇಕೋ, ಹಿಟ್ಟಿನ ಗಿರಣಿಗೋ?' ಅಂತಾನ" ಎಂದು ಕಾಶಕ್ಕ ನಕ್ಕಳು. "ನೆಲಕ್ಕ ಬಣ್ಣದ್ದೇ ರಂಗೋಲಿ ಬರದುಬಿಡೋ ತಮ್ಮಾ. ಶುಕ್ರವಾರ ನನ್ನ ಮಗಳ ಕುಬಸ ಅಲ್ಲೇ ಐತಿ."

ಮಾನಪ್ಪ "ಪುರುಸೊತ್ತಿಲ್ಲ" ಎನ್ನಲು ಬಾಯಿ ತೆರೆದ. ನೀಲವ್ವ ಒಳಗಿನಿಂದ, "ಬರೀತಾರ ಬಿಡ್ರಿ ಅಕ್ಕಾರ" ಎಂದುಬಿಟ್ಟಳು.

ಕಾಶಕ್ಕ ಹೋದ ಮೇಲೆ ಆ ಮನೆಯಲ್ಲಿ ಎದ್ದ ಗದ್ದಲಕ್ಕೆ ನಾನು ಮೊಳೆಯ ಮೇಲೇ ನಡುಗಿದೆ. ನೀಲವ್ವ ಹೆದರಲಿಲ್ಲ. ನನ್ನನ್ನು ಲಕೋಟೆಯಿಂದ ತೆಗೆದು ಅವನ ಮುಂದೆ ಹಾಕಿದಳು. "ಇದರಾಗ ಅಚ್ಚು ಕೊರೀರಿ."

"ಅಚ್ಚು ಒತ್ತಾಕ ನಾ ಏನ್ ಚೀಲದ ಮ್ಯಾಲ ನಂಬರ್ ಹೊಡಿಯಾಂವ?"

"ಹೌದು, ಕುಂತು ಬೈಯಾಂವಗಿಂತ ನಂಬರ್ ಹೊಡಿಯಾಂವ ಚಲೋ."

ಅವನು ನನ್ನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬ್ಲೇಡ್ ಕೇಳಿದ. "ಇದೊಂದು ಕೆಟ್ಟರ ಬ್ರಷ್ ಎಲ್ಲಾ ಒಲಿಗೆ ಹಾಕ್ತೀನಿ. ಮತ್ತ ನೀ ಬಾಯಿ ತಗೀಬಾರದು" ಎಂದ. ಅವನು ಹೇಳಿದರೆ ಮಾಡುವವನು. ನೀಲವ್ವನಿಗೆ ಅದು ಗೊತ್ತಿತ್ತು.

ಬ್ಲೇಡನ್ನು ಒತ್ತಿ ಹಿಡಿಯಬೇಕಲ್ಲ, ಅದಕ್ಕೇ ಇರಬೇಕು, ಕೈ ಅಷ್ಟಾಗಿ ನಡುಗಲಿಲ್ಲ. ನನ್ನ ಮೈಯಲ್ಲಿ ಒಂದು ಗಿಣಿ ಕೊರೆದ. ಸೊಟ್ಟ ಎಲುಬಿನ ಬಾಗು ಎಲ್ಲಿತ್ತೋ ಅಲ್ಲೇ ಗಿಣಿಯ ಕುತ್ತಿಗೆ ಬಂತು. ಹಾಗೆ ಹೊಂದಿಸಬೇಕೆಂದು ಕೊರೆದನೋ, ತಾನಾಗಿ ಆಯಿತೋ, ಅವನು ಹೇಳಲಿಲ್ಲ.

ಮಂಡಳದ ನೆಲ ನೋಡಿ ನನಗೆ ಆಸೆಯಾಯಿತು. ಹಳೆಯ ಎಣ್ಣೆ, ಮೇಣ ಕೂತ ಜಾಗವನ್ನು ನೀಲವ್ವ ಉಜ್ಜುಕಾಗದದಿಂದ ತಿಕ್ಕಿ ತಿಕ್ಕಿ ಹಸಿ ಮರದ ಬಣ್ಣ ಬರಿಸಿದ್ದಳು. ಮೊದಲ ಗಿಣಿಗೆ ಮಾನಪ್ಪ ಬ್ರಷ್ ತುಂಬ ಹಸಿರು ಅದ್ದಿ ಬಳಿದ. ಬಣ್ಣ ನನ್ನ ಕೆಳಗೆ ನುಗ್ಗಿತು. ನನ್ನನ್ನೆತ್ತಿದರೆ ಅಡಿಯಲ್ಲಿ ಇದ್ದದ್ದು ಗಿಣಿಯಲ್ಲ, ಹಲಸಿನಕಾಯಿ. ನನ್ನನ್ನು ಗೋಡೆಗೆ ಬೀಸಿ ಒಗೆದ! ತಪ್ಪು ಯಾರದು, ಏಟು ಯಾರಿಗೆ?

ಹಲಸಿನಕಾಯಿ ಒರೆಸಿದ ಮೇಲೆ ಬುದ್ಧಿ ಬಂತು. ಬ್ರಷ್ಷಿನ ಬಣ್ಣವನ್ನು ಅರಿವೆಗೆ ಒರೆಸಿ, ಒಣಒಣವಾಗಿ ಕುಟ್ಟುತ್ತ ಹೋದ. ಗಿಣಿ ಎದ್ದು ಬಂತು, ರೆಕ್ಕೆಯ ಒಂದೊಂದು ಗರಿಯೂ ಬೇರೆ ಬೇರೆ. ನನ್ನನ್ನು ತೊಳೆದು ಮಗುಚಿ ಹಾಕಿದರೆ ಎದುರಿಗೆ ಅದರ ಜೋಡಿ.

ಜೋಡಿಯ ಪಕ್ಕ ಜೋಡಿ ಬರುವಂತೆ ವೇದಿಕೆಯ ಉದ್ದಕ್ಕೂ ಒಂದು ಸಾಲು ಬರಬೇಕಿತ್ತು. "ನಡುವಿನಿಂದ ಶುರು ಮಾಡ್ರಿ, ಎರಡೂ ಕಡೆ ಸರಿ ಬರತೈತಿ" ಎಂದಳು ನೀಲವ್ವ.

"ನಡುವಿನಿಂದ ಯಾರರ ಬೋರ್ಡ್ ಬರೀತಾರೇನ? ಎಡಕಿನಿಂದ ಬರೀಬೇಕು." ಇಪ್ಪತ್ತೈದು ವರ್ಷ ಅಕ್ಷರ ಬರೆದವನ ಚಾಳಿ. ಎಡಗೋಡೆಯಿಂದ ಹೊರಟು ಬಲಗೋಡೆಗೆ ಮುಗಿಸಿದ. ಎಂಟು ಜೋಡಿ.

ಗುರುವಾರ ಮಧ್ಯಾಹ್ನ ಕಾಶಕ್ಕ ಬಂದು ನೋಡಿದಳು. ಮುಖ ಅರಳಿತು. ಆಮೇಲೆ ವೇದಿಕೆಯ ಸರಿ ನಡುವೆ, ಗಂಡ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುವ ಜಾಗಕ್ಕೆ ಹೋಗಿ ನಿಂತಳು. ಅಲ್ಲಿ ನಾಲ್ಕನೆಯ ಜೋಡಿ ಮುಗಿದು ಐದನೆಯದು ಶುರುವಾಗಿತ್ತು. ಎರಡು ಗಿಣಿ ಒಂದಕ್ಕೊಂದು ಬೆನ್ನು ಹಾಕಿ ಕೂತಿದ್ದವು.

"ಅಯ್ಯ ಮಾನಪ್ಪಾ, ಸಿಟ್ಟಾಗಿ ಕುಂತಾವಲ್ಲೋ ಇವು! ನನ್ನ ಮಗಳನ್ನ ಇದರ ಮ್ಯಾಲ ಹೆಂಗ ಕುಂದರಸ್ಲಿ? ಬೀಗರು ಏನಂತಾರ?"

ಬಣ್ಣ ಒಣಗಿ ಮರಕ್ಕೆ ಇಳಿದಿತ್ತು. ಕೆರೆದರೆ ಹಲಗೆ ಗಾಯವಾಗುತ್ತದೆ. ಮಾನಪ್ಪ ಯಾರ ಮೇಲೂ ಕೂಗಾಡಲಿಲ್ಲ. ಬ್ರಷ್‌ಗಳನ್ನು ಒಂದೊಂದಾಗಿ ಎತ್ತಿ ಕಟ್ಟು ಕಟ್ಟಿದ. ಅವು ಎಲ್ಲಿಗೆ ಹೊರಟಿವೆ ಎಂದು ನೀಲವ್ವನಿಗೂ ನನಗೂ ಗೊತ್ತಿತ್ತು.

ನೀಲವ್ವ ಆ ಎರಡು ಬೆನ್ನುಗಳ ನಡುವೆ ಬೆರಳಿಟ್ಟಳು. "ಇಲ್ಲಿ ಗೇಣು ಜಾಗ ಐತಿ. ಒಂದು ಮರಿ ಕುಂದರಸ್ರಿ. ಕುಬಸದ ಮನೀ ಅಲ್ಲೇನ? ಮರೀನ ನಡುವ ಬಿಟ್ಟು ಅವ್ವ ಅಪ್ಪ ಎರಡೂ ಕಡೆ ಕಾವಲು ಕುಂತಾರ."

"ಮರಿಗೆ ಅಚ್ಚು ಇಲ್ಲ."

"ಕೈ ಐತಲ್ಲ."

ಆ ಜಾಗಕ್ಕೆ ನಾನು ದೊಡ್ಡವನು. ಮಾಡುವುದೇನೂ ಇರಲಿಲ್ಲ, ಪಕ್ಕದಲ್ಲಿ ಬಿದ್ದು ನೋಡಿದೆ. ಅವನು ಹೊಟ್ಟೆ ಅಡಿಯಾಗಿ ನೆಲದ ಮೇಲೆ ಮಲಗಿದ. ಮೊಳಕೈಯಿಂದ ಮಣಿಕಟ್ಟಿನವರೆಗೆ ಇಡೀ ತೋಳು ಹಲಗೆಯ ಮೇಲೆ ಕೂತಿತು. ಎದ್ದು ನಿಂತ ಬೋರ್ಡ್ ಎಂದೂ ಕೊಡದ ಆಸರೆಯನ್ನು ಸಾಗವಾನಿ ಕೊಟ್ಟಿತು. ಬ್ರಷ್ ತಾಗಿತು. ಗೆರೆ ಹೊರಳಲಿಲ್ಲ. ತಲೆ ಬಂತು, ಪುಟ್ಟ ಹೊಟ್ಟೆ ಬಂತು, ಕೊಕ್ಕು ಮಾತ್ರ ತುಸು ಓರೆಯಾಯಿತು.

ಕಾಶಕ್ಕ ಬಗ್ಗಿ ನೋಡಿ, "ಮೂಗು ಸೊಟ್ಟ ಆದ್ರೂ ಮರಿ ಚಂದ ಐತಿ. ನಮ್ಮ ಅಳಿಯನಂಗ" ಎಂದಳು. ಮಾನಪ್ಪ ನಕ್ಕ. ನಾನು ಹುಟ್ಟಿದಾಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಶುಕ್ರವಾರ ಕಾಶಕ್ಕನ ಮಗಳು ಮಣೆಯ ಮೇಲೆ ಕೂತು, ಹಾಡು ಮುಗಿಯುವವರೆಗೂ ಆ ಮರಿಯ ತಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳಂತೆ. ಕೆಳಗೆ ದರ್ಜಿಯ ಕೋಟೂ ಕರ್ರಗೇ ಉಳಿಯಿತಂತೆ.

ಆಮೇಲೆ ಮಾನಪ್ಪ ಬೋರ್ಡಿಗೆ ಮರಳಲಿಲ್ಲ. ಮಣೆ, ತೂಗುಮಂಚ, ಮಹಡಿಯ ನೆಲ, ನಾಟಕದವರ ಹಲಗೆ ವೇದಿಕೆ, ಹೀಗೆ ಮಲಗಿಸಿದ ಮರ ಎಲ್ಲಿದೆಯೋ ಅಲ್ಲಿಗೆ ಹೋದ. ಸಾಲು ನನ್ನದು, ನಡುವಿನ ಮರಿ ಅವನ ಕೈಯದು. ಈಗಲೂ ಎಡಗೋಡೆಯಿಂದಲೇ ಶುರು ಮಾಡುತ್ತಾನೆ. ಹೇಳಿದವರಿಗೆ ಬೈಗುಳ ತಪ್ಪಿದ್ದಲ್ಲ.

ನನಗೆ ವಯಸ್ಸಾಯಿತು. ಬಣ್ಣ ಕಟ್ಟಿ ಕಟ್ಟಿ ಅಂಚು ದಪ್ಪವಾಯಿತು, ಕೊಕ್ಕು ಹರಿಯಿತು. ಮಾನಪ್ಪ ಹೊಸ ಹಾಳೆಯಲ್ಲಿ ಬೇರೆ ಗಿಣಿ ಕೊರೆದುಕೊಂಡ. ಅದರ ಕುತ್ತಿಗೆ ನೆಟ್ಟಗಿದೆ, ನನಗೆ ಹಿಡಿಸಲಿಲ್ಲ. ನೀಲವ್ವ ನನ್ನನ್ನು ಎಸೆಯಲಿಲ್ಲ. ಅಡುಗೆಮನೆಯ ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ಅಂಟಿಸಿದ್ದಾಳೆ. ಬೆಳಗಿನ ಬಿಸಿಲು ನನ್ನೊಳಗೆ ಹಾದು ನೆಲದ ಮೇಲೆ ಬೆಳಕಿನ ಗಿಣಿ ಬೀಳುತ್ತದೆ. ಸುತ್ತ ಮಸುಕಾಗಿ ಅವನ ಎಲುಬಿನ ಆಕಾರ. ಮಾನಪ್ಪ ರೊಟ್ಟಿಯ ತಾಟು ಆ ಬೆಳಕಿನ ಗಿಣಿಯನ್ನು ತುಳಿಯದಂತೆ ಒಂದಿಷ್ಟು ಸರಿಸಿಕೊಂಡೇ ಊಟಕ್ಕೆ ಕೂರುತ್ತಾನೆ.