ಕುರ್ಚಿಯಿಲ್ಲದ ಗೇಟು

“ಕೈ ತಗೀರಿ! ವಿಮಾನಕ್ಕ ಯಾರರ ಕೈ ಹಚ್ಚಿದ್ರ ನಾ ಸುಮ್ನ ಬಿಡಾಂಗಿಲ್ಲ!”

ಬಸವಪ್ರಭು ಕಿರುಚಿದ್ದಕ್ಕೆ, ಹೆಗಲು ಕೊಡಲು ಬಗ್ಗಿದ್ದ ನಾಲ್ವರು ಬಗ್ಗಿದಲ್ಲೇ ನಿಂತರು. ಅಂಗಳದ ನಡುವೆ ಬಿದಿರು, ಬಾಳೆಕಂದು ಕಟ್ಟಿ ಮಾಡಿದ ವಿಮಾನದಲ್ಲಿ ಸತ್ತ ಕುಬೇರಪ್ಪನನ್ನು ಕೂರಿಸಿದ್ದರು. ಮೈತುಂಬ ವಿಭೂತಿ. ಎಡ ಅಂಗೈಯಲ್ಲಿ ಇಷ್ಟಲಿಂಗ. ತಲೆ ಜೋಲದಂತೆ ಹಣೆಗೆ ಬಿಳಿ ಬಟ್ಟೆ ಬಿಗಿದು ಹಿಂದಿನ ಗಳಕ್ಕೆ ಕಟ್ಟಿದ್ದರು.

“ನನ್ನ ಗಂಡನ ಮಣ್ಣಿಗೆ ಅಡ್ಡ ನಿಂದ್ರಾಕ ನೀ ಯಾಂವಲೇ?” ಎಂದಳು ರತ್ನವ್ವ.

“ನಿನ್ನ ತಮ್ಮ ಅದೇನಿ ಯಕ್ಕಾ, ವೈರಿ ಅಲ್ಲ. ಹಳ್ಳದ ದಂಡಿಗೆ ಪಂಚಾಯ್ತಿ ಸುಡಗಾಡ ಐತಿ. ಜೇಸಿಬಿ ಕಳಿಸಿ ಕುಣಿ ತಗಸೇನಿ. ಊರಾನವ್ರೆಲ್ಲಾ ಅಲ್ಲೇ ಹೋಗ್ತಾರ, ಮಾವನೂ ಅಲ್ಲೇ ಹೋಗ್ಲಿ.”

“ತಗಸಿದ ಕುಣ್ಯಾಗ ನೀನ ಹೋಗಿ ಕುಂದ್ರು.”

ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು, ಕೆಮ್ಮಿ ಮುಚ್ಚಿದರು. ಭಜನೆಯವರ ತಾಳ ನಿಂತಿತು.

“ಹೊಲದಾಗ ಮಣ್ಣು ಕೊಡಬೇಕು ಅಂತಿ. ಎಲ್ಲೈತಿ ಹೊಲ? ಅಲ್ಲಿ ಬಿಸ್ಕೀಟ ಫ್ಯಾಕ್ಟರಿ ಐತಿ. ಸುತ್ತ ಗ್ವಾಡಿ, ಗ್ವಾಡಿ ಮ್ಯಾಲೆ ತಂತಿ. ಹೆಣ ಹೊತ್ಕೊಂಡು ಅವರ ಬಾಗಲಕ್ಕ ಹೋದ್ರ ನನ್ನ ಏನಂದಾರು?”

“ಏನಂದಾರು? ನಿನ್ನ ಕಾಂಟ್ರ್ಯಾಕ್ಟ ಕಸಗೋತಾರ. ಅದ ಅಲ್ಲೇನು ನಿನ್ನ ಹೊಟ್ಟ್ಯಾನ ಸಂಕಟ?”

ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಮುದಕವ್ವ ಬಾಯಿ ಹಾಕಿದಳು. “ಅವರಪ್ಪ ಕುಂತಲ್ಲೇ ಮಗನೂ ಕುಂದ್ರಬೇಕಪಾ ಪ್ರಭು. ಅವ್ವನೂ ಅಲ್ಲೇ ಅದಾಳ. ಆ ಬಿಲ್ವದ ಗಿಡಾ ಮರತಿ ಏನು? ಅಕ್ಕನ ಮನಿಗೆ ಬಂದಾಗೊಮ್ಮೆ ಅದರ ನೆಳ್ಳಾಗ ಬುತ್ತಿ ಉಂಡಾಂವ ನೀ.”

ಬಸವಪ್ರಭು ಫೋನು ಕಿವಿಗೆ ಹಚ್ಚಿಕೊಂಡು ಓಣಿಗೆ ಇಳಿದ.

ರತ್ನವ್ವ ಹೊರುವವರ ಕಡೆ ತಿರುಗಿದಳು. “ಎತ್ರಿ.”

ಎತ್ತಿದರು.

*

ಕುಬೇರಪ್ಪನ ಅಪ್ಪ ಸಾಯುವ ಮುಂಚೆ ಹೇಳಿದ್ದು ಒಂದೇ ಮಾತು. “ನನ್ನ ಮ್ಯಾಲೆ ಕಲ್ಲು ನಿಂದ್ರಿಸಬ್ಯಾಡೋ. ಎತ್ತು ಹೂಡಿ ಕುಂಟಿ ಹೊಡಿಯಾಕ ಅಡ್ಡ ಬರತೈತಿ. ಗಿಡಾ ಹಚ್ಚು.”

ಹತ್ತಿ, ಗೋಧಿ, ಮೆಣಸಿನಕಾಯಿ ಬೆಳೆಯುವ ಎರೆ ಮಣ್ಣಿನ ಹೊಲ. ಅದರಲ್ಲಿ ಒಂದು ಮೊಳ ಜಾಗವನ್ನೂ ಸತ್ತವರಿಗೆ ಬಿಟ್ಟುಕೊಡಲು ಆ ಮುದುಕನಿಗೆ ಮನಸ್ಸಿರಲಿಲ್ಲ. ಕುಬೇರಪ್ಪ ಅಪ್ಪನ ಸಮಾಧಿಯ ಮೇಲೆ ಬಿಲ್ವದ ಸಸಿ ನೆಟ್ಟ. ಅವ್ವನನ್ನೂ ಅದರ ಮಗ್ಗುಲಲ್ಲೇ ಕೂರಿಸಿ ಮಣ್ಣು ಕೊಟ್ಟ. ಸುತ್ತ ಬಿತ್ತಿದ.

ಸರ್ಕಾರ ಕೈಗಾರಿಕೆಗೆಂದು ಆ ಭೂಮಿ ಹಿಡಿದಾಗ ಅಧಿಕಾರಿಗಳು ಜೀಪಿನಲ್ಲಿ ಬಂದು ಹೊಲದಲ್ಲಿ ಇದ್ದದ್ದನ್ನೆಲ್ಲ ಬರೆದುಕೊಂಡರು. ಬಾವಿ ಬರೆದರು, ಬೇವು ಬರೆದರು.

“ಈ ಮುಳ್ಳಿನ ಗಿಡ ಎಂಥಾದ್ದು?”

“ಬಿಲ್ವಪತ್ರಿ ರೀ.”

“ಕಾಯಿ ಮಾರ್ತೀರೇನು?”

“ಇಲ್ರಿ. ಪತ್ರಿ ದೇವರಿಗೆ ಏರಸ್ತೇವ್ರಿ.”

“ಹಂಗಾರ ಕಾಡುಗಿಡ,” ಎಂದು ಬರೆದರು.

ಗಿಡದ ಕೆಳಗೆ ಯಾರಿದ್ದಾರೆಂದು ಹೇಳಲು ಕುಬೇರಪ್ಪ ಬಾಯಿ ತೆರೆಯುವಷ್ಟರಲ್ಲಿ ಬಸವಪ್ರಭು ಅವನ ಮೊಣಕೈ ಹಿಡಿದು ಆಚೆ ಎಳೆದ. ಆಗ ಅವನದು ರೈತರನ್ನು ಕಚೇರಿಯಿಂದ ಕಚೇರಿಗೆ ಕರೆದೊಯ್ಯುವ ಕೆಲಸ.

“ಸಮಾಧಿ ಅಂತ ಬಾಯಿ ಬಿಟ್ಟಿ ಅಂದ್ರ ಫೈಲು ನಿಂತ ಹೋಗತೈತಿ ಮಾವಾ. ಭೂಮಿ ಕೊಟ್ಟವ್ರ ಮನಿಗೊಂದು ಪರ್ಮನೆಂಟ್ ನೌಕರಿ ಅಂತ ಮಂತ್ರಿಗಳೇ ಸ್ಟೇಜ್ ಮ್ಯಾಲೆ ನಿಂತು ಹೇಳ್ಯಾರ. ಸತ್ತವ್ರ ಸಲುವಾಗಿ ಇದ್ದವ್ರ ಅನ್ನಾ ಕಳೀತಿ ಏನು?”

ಕುಬೇರಪ್ಪ ಅಧಿಕಾರಿಗಳು ತೋರಿಸಿದಲ್ಲಿ ಸಹಿ ಮಾಡಿದ.

ನೌಕರಿ ಬಂತು. ಆದರೆ ಕಂಪನಿಯದಲ್ಲ, ಬಸವಪ್ರಭುವಿನದು. ಕಸ ಹೊಡೆಯುವವರು, ಪ್ಯಾಕಿಂಗಿನ ಹೆಂಗಸರು, ಗೇಟು ಕಾಯುವವರು, ಎಲ್ಲರೂ ಬಸವಪ್ರಭು ಒದಗಿಸಿದ ಜನ. ಯಾವತ್ತು ಬೇಕಾದರೂ ಬಿಡಿಸಬಹುದಾದ ಜನ. ಮಾತು ಕೊಟ್ಟಿದ್ದಿರಲ್ಲ ಎಂದು ಕೇಳಲು ಹೋದರೆ ಕಂಪನಿಯವರು ಸರ್ಕಾರದ ಕಡೆ ಕೈ ತೋರಿಸಿದರು, ಸರ್ಕಾರದವರು ಕಂಪನಿಯ ಕಡೆ. ಆ ಮಂತ್ರಿ ಅಷ್ಟರಲ್ಲಿ ಬೇರೆ ಖಾತೆಗೆ ಹೋಗಿದ್ದ. ತನ್ನ ಹೊಲದ ಬದುವಿನ ಮೇಲೆ ಎದ್ದ ಗೇಟಿಗೆ ಕುಬೇರಪ್ಪ ಖಾಕಿ ತೊಟ್ಟು ಕಾವಲು ನಿಂತ. ಅಲ್ಲಿಂದ ಬಿಲ್ವದ ಗಿಡ ಕಾಣುತ್ತಿತ್ತು. ಬುಡದ ಸುತ್ತ ಗೇಣು ಮಣ್ಣು ಬಿಟ್ಟು ಉಳಿದದ್ದಕ್ಕೆಲ್ಲ ಸಿಮೆಂಟು ಬಳಿದಿದ್ದರು. ಮ್ಯಾನೇಜರರ ಕಾರು ಅದರ ನೆರಳಿಗೆ ನಿಲ್ಲುತ್ತಿತ್ತು.

*

ಹಲಗೆ ಬಾರಿಸುತ್ತ ಹೋದ ಜನ ಸುಳ್ಳ ಎಂಬ ಊರಿನ ರಸ್ತೆಯ ಮಗ್ಗುಲಿಗೆ, ಫ್ಯಾಕ್ಟರಿಯ ಗೇಟಿನ ಎದುರೇ ವಿಮಾನ ಇಳಿಸಿದರು. ಬಿಸಿಲು ಇನ್ನೂ ಸುಡುತ್ತಿತ್ತು. ಒಳಗಿನಿಂದ ಬಿಸ್ಕೀಟು ಬೇಯುವ ಸಿಹಿ ವಾಸನೆ ಬರುತ್ತಿತ್ತು.

ಗೇಟಿನಲ್ಲಿ ಮೋಸೆಸ್ ಒಬ್ಬನೇ ಇದ್ದ. ಕೆಲಗೇರಿಯವನು. ದಿನಾ ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಬರುವವನು. ಈ ಗೇಟಿನಲ್ಲಿ ಕುಬೇರಪ್ಪನ ಜೋಡಿ ಅವನೇ.

“ಗೇಟ್ ತಗಿ ಮೋಸೆಸಣ್ಣಾ,” ಎಂದಳು ರತ್ನವ್ವ.

“ತಗೀಬ್ಯಾಡ ಅಂತ ಫೋನ್ ಬಂದೈತ್ರಿ ವೈನಿ.”

“ನಿನ್ನಿ ಇವರನ್ನ ಹೊರಗ ತಂದು ಹಾಕಿದಾಂವ ನೀನ ಹೌದಲ್ಲೋ?”

ಮೋಸೆಸ್ ತಲೆ ತಗ್ಗಿಸಿದ. ನಿನ್ನೆ ನಡುಮಧ್ಯಾಹ್ನ ಕುಬೇರಪ್ಪ ನಿಂತಲ್ಲೇ ಕುಸಿದಿದ್ದ. ಮೋಸೆಸ್ ಒಳಗೆ ಫೋನು ಮಾಡಿದ. ಮೊದಲು ಅವನನ್ನು ಗೇಟಿನಿಂದ ಹೊರಗೆ ಒಯ್ಯು, ಆಮೇಲೆ ಆಂಬುಲೆನ್ಸಿಗೆ ಹೇಳು ಎಂದರು. ಮೋಸೆಸ್ ಕಂಕುಳಿಗೆ ಕೈ ಕೊಟ್ಟು ಎಳೆದೊಯ್ದು ರಸ್ತೆಯಾಚೆಯ ಬೇವಿನ ಕೆಳಗೆ ಮಲಗಿಸಿದ್ದ. ಗಾಡಿ ಬರುವ ಹೊತ್ತಿಗೆ ಉಸಿರು ಇರಲಿಲ್ಲ.

“ಹೌದ್ರಿ ವೈನಿ. ನಾನ ತಂದೆ.”

“ಹೊರಗ ತಂದಾಂವ ಒಳಗ ಬಿಡು. ಅಷ್ಟ ಕೇಳಾಕತ್ತೇನಿ.”

ಮೋಸೆಸನ ಕೈ ಚಿಲಕದ ಮೇಲಿತ್ತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವನಿಗೂ ಮನೆಯಿದೆ, ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ ಎಡಿತ್ ಇದ್ದಾಳೆ. ಅದು ರತ್ನವ್ವನಿಗೂ ಗೊತ್ತು.

ಮುದಕವ್ವ ವಿಮಾನದ ಕಡೆ ನೋಡಿದಳು. “ಈ ಗೇಟಿನ್ಯಾಗ ಇಂವ ಕುಂತದ್ದ ಎಷ್ಟ ದಿನದ ಮ್ಯಾಲೆ ನೋಡಿದೆ ನೋಡ್ರಿ,” ಎಂದಳು.

ಈ ಸಲ ಯಾರೂ ನಗಲಿಲ್ಲ.

*

ಮೊದಲು ಆ ಗೇಟಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಇಬ್ಬರೂ ಸರದಿಯ ಮೇಲೆ ಕೂರುತ್ತಿದ್ದರು. ಕುಬೇರಪ್ಪನಿಗೆ ಮೊಣಕಾಲು ನೋವು. ತನ್ನ ಸರದಿ ಮುಗಿದರೂ ಏಳುತ್ತಿರಲಿಲ್ಲ.

“ನಿಮ್ಮ ಮಂದಿ ಸತ್ತ ಮ್ಯಾಲೂ ಕುಂದರ್ತೀರಿ,” ಎನ್ನುತ್ತಿದ್ದ ಮೋಸೆಸ್. “ಈಗರ ಕುರ್ಚಿ ನಮಗ ಬಿಡೋ ಮಾರಾಯ.”

“ನಿಮ್ಮನ್ನ ಹೆಂಗೂ ಉದ್ದಕ ಮಲಗಸ್ತಾರಲ್ಲೋ. ಅಲ್ಲೀತನಾ ನಿಂದ್ರು.”

ರತ್ನವ್ವ ಒಳಗೆ ಪ್ಯಾಕಿಂಗಿನಲ್ಲಿದ್ದಳು. ಸಂಜೆ ಹೊರಗೆ ಬರುವ ಪ್ರತಿ ಹೆಂಗಸಿನ ಊಟದ ಡಬ್ಬಿಯನ್ನು ಗೇಟಿನವರು ತೆರೆದು ನೋಡಬೇಕು, ಅದು ಕಂಪನಿಯ ನಿಯಮ. ಗೇಟಿನ ಮೇಲೆ ಕ್ಯಾಮೆರಾ. ಎಲ್ಲರೂ ಊರಿನವರೇ. ಒಬ್ಬಳು ಅತ್ತೆ, ಒಬ್ಬಳು ಸೊಸೆ, ಒಬ್ಬಳು ತಂಗಿಯ ಗೆಳತಿ. ಕುಬೇರಪ್ಪ ಎಲ್ಲೋ ನೋಡುತ್ತ ಮುಚ್ಚಳ ಎತ್ತುತ್ತಿದ್ದ. “ಖಾಲಿ. ನಡೀರಿ.”

ಶಿರಗುಪ್ಪಿಗೆ ಕೊಟ್ಟ ಮಗಳು ಸೌಂದರ್ಯಾ ಕೂಸನ್ನು ಕರೆದುಕೊಂಡು ತವರಿಗೆ ಬಂದ ದಿನ, ರತ್ನವ್ವನ ಡಬ್ಬಿಯಲ್ಲಿ ಒಡೆದ ಬಿಸ್ಕೀಟುಗಳಿದ್ದವು. ದನದ ಮೇವಿಗೆ ಹೋಗುವ ಚೂರು. ಕುಬೇರಪ್ಪ ಮುಚ್ಚಳ ಎತ್ತಿದವನು ಅವತ್ತು ಒಳಗೆ ನೋಡಿದ. ಹೆಂಡತಿಯ ಮುಖ ನೋಡಿದ. ಮುಚ್ಚಳ ಒತ್ತಿ ಹಾಕಿದ.

“ಖಾಲಿ. ನಡಿ.”

ಕ್ಯಾಮೆರಾ ನೋಡಿತ್ತು. ಮರುದಿನ ಬಸವಪ್ರಭು ಒಳಗೆ ಹೋಗಿ ಕೈ ಮುಗಿದು ಅಕ್ಕ, ಮಾವ ಇಬ್ಬರ ಕೆಲಸವನ್ನೂ ಉಳಿಸಿಕೊಂಡು ಬಂದ. ಬರುವಾಗ ಗೇಟಿನ ಕುರ್ಚಿ ಎತ್ತಿಕೊಂಡು ಹೋದ.

“ಕುಂತವ್ರಿಗೆ ಕಣ್ಣು ಕಾಣಸಾಂಗಿಲ್ಲ ಅಂದಾರ ಮಾವಾ. ಇನ್ನ ನಿಂತ ನೋಡಬೇಕಂತ.”

ಯುಗಾದಿಯ ಹೊತ್ತಿಗೆ ಕುಬೇರಪ್ಪನ ಕಾಲು ಬೂಟಿನಲ್ಲಿ ಹಿಡಿಯದಷ್ಟು ಬಾತಿತು. ರಾತ್ರಿ ರತ್ನವ್ವ ಎಣ್ಣೆ ತಿಕ್ಕುತ್ತಿದ್ದಳು. ಬಿಸ್ಕೀಟಿನ ಮಾತನ್ನು ಅವನು ಎತ್ತಲಿಲ್ಲ. ಒಂದು ಸಲವಾದರೂ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

*

ಪೊಲೀಸ್ ಜೀಪು ಬಂತು. ಕಂದಾಯ ಕಚೇರಿಯ ಒಬ್ಬ ಇಳಿದ, ಇನ್ಸ್‌ಪೆಕ್ಟರ್ ಇಳಿದರು, ಹಿಂದಿನ ಸೀಟಿನಿಂದ ಬಸವಪ್ರಭು ಇಳಿದ. ಒಳಗಿನಿಂದ ಮ್ಯಾನೇಜರ್ ಬಂದರು.

“ನಮಗೂ ದುಃಖ ಇದೆ ಅಮ್ಮ,” ಎಂದರು ಮ್ಯಾನೇಜರ್. “ಆದರೆ ಇದು ತಿನ್ನೋ ಪದಾರ್ಥ ಮಾಡೋ ಜಾಗ. ಇಲ್ಲಿ ಸಮಾಧಿ ಇದೆ ಅಂತೀರಿ. ಇದ್ದಿದ್ದರೆ ಒಂದು ಕಲ್ಲಾದರೂ ಇರಬೇಕಿತ್ತಲ್ಲ?”

“ಕಾಡುಗಿಡ ಅಂತ ಬರದಾರ್ರಿ,” ಎಂದ ಕಂದಾಯದವನು.

ರತ್ನವ್ವ ತಮ್ಮನ ಕಡೆ ತಿರುಗಿದಳು. “ಹೇಳೋ ಪ್ರಭು. ಗಿಡದ ಬುಡಕ್ಕ ಯಾರ ಕುಂತಾರ ಹೇಳು. ನೀ ಹೇಳಿದ್ರ ಕೇಳತಾರ.”

ಬಸವಪ್ರಭು ರಸ್ತೆ ನೋಡಿದ, ಬೂಟು ನೋಡಿದ, ವಿಮಾನದ ಕಡೆ ಮಾತ್ರ ನೋಡಲಿಲ್ಲ. “ನನ್ನ ಕೆಳಗ ಊರಾನ ಎಷ್ಟ ಮನಿ ಅದಾವ ಯಕ್ಕಾ. ಅವರ ಒಲಿ ಆರಸ್ಲೇನು?”

“ಅವರ ಹೆಸರ ಹೇಳಬ್ಯಾಡ. ನಿನ್ನ ಹೆಸರ ಹೇಳು, ಹೇಡಿ.”

ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿದರು. ಸಂಜೆಯೊಳಗೆ ನೀವು ಒಯ್ಯದಿದ್ದರೆ ನಾವೇ ಒಯ್ಯುತ್ತೇವೆ ಎಂದರು. ಹೊರುವ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಒಳಗೆ ಕೆಲಸ ಮಾಡುವವರೇ.

ಮಂತ್ರ ಹೇಳಲು ಬಂದಿದ್ದ ಅಯ್ಯನವರು ನಡುವೆ ಬಂದರು. “ಕೂಡ್ರಿಸಿದ ದೇಹ ಬಾಳ ಹೊತ್ತು ಇಡಬಾರದವಾ ರತ್ನವ್ವ. ಸಾಹೇಬ್ರ, ಆ ಗಿಡದ ಬುಡದ ಒಂದು ಹಿಡಿ ಮಣ್ಣು, ನಾಕು ಪತ್ರಿ ತರಾಕ ಇಕಿನ್ನ ಒಳಗ ಬಿಡ್ರಿ. ಕುಣ್ಯಾಗ ಅದನ್ನ ಹಾಕೂಣು.”

ಮ್ಯಾನೇಜರ್ ಒಪ್ಪಿದರು. ಅವಳೊಬ್ಬಳೇ. ಬೇಗ ಬರಬೇಕು.

ರತ್ನವ್ವ ಗಂಡನ ಮುಖ ನೋಡಿದಳು. ಬಿಸಿಲಿಗೆ ವಿಭೂತಿ ಒಣಗಿ ಉದುರುತ್ತಿತ್ತು. “ತರತೇನಿ,” ಎಂದಳು ಅವನಿಗೆ.

ಮಣ್ಣು ತರಲು ಏನೂ ಇರಲಿಲ್ಲ. ಮೋಸೆಸ್ ತನ್ನ ಗೂಡಿನೊಳಗೆ ಹೋಗಿ ಒಂದು ಡಬ್ಬಿ ತಂದುಕೊಟ್ಟ. “ಕುಬೇರಪ್ಪನ ನಿನ್ನಿನ ಡಬ್ಬಿ ರೀ ವೈನಿ. ಉಂಡಿರಲಿಲ್ಲ.”

ಒಳಗೆ ಅವಳೇ ಬಡಿದುಕೊಟ್ಟ ರೊಟ್ಟಿ, ಒಣಗಿದ ಪಲ್ಯ. ಅದನ್ನು ಗೋಡೆಯ ಮೇಲೆ ಕಾಗೆಗಳಿಗೆ ಇಟ್ಟು ಒಳಗೆ ನಡೆದಳು.

ಬುಡದ ಮೇಲ್ಮಣ್ಣು ಗಟ್ಟಿಯಾಗಿತ್ತು. ಉಗುರಿನಿಂದ ಕೆದರಿದ ಮೇಲೆ ಕರಿ ಎರೆ ಸಿಕ್ಕಿತು. “ನಿಮ್ಮ ಮಗನ್ನ ಒಳಗ ಬಿಡವಲ್ರು ಮಾವಾರ,” ಎಂದಳು, ನೆಲಕ್ಕೆ. ಡಬ್ಬಿ ತುಂಬಿದಳು. ಮೇಲೆ ಪತ್ರಿ ಇಟ್ಟಳು. ಮ್ಯಾನೇಜರರ ಕಾರಿನ ಬಾನೆಟ್ಟಿಗೆ ಕೈಯೂರಿ ಎದ್ದಳು. ಬಿಳಿ ಬಣ್ಣದ ಮೇಲೆ ಐದು ಬೆರಳು ಕಪ್ಪಗೆ ಮೂಡಿದವು.

ಗೇಟಿಗೆ ಬಂದಾಗ ಮ್ಯಾನೇಜರ್ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು. ತಲೆ ಎತ್ತದೆ, ದಿನದ ರೂಢಿಯಂತೆ ಹೇಳಿದರು. “ಮೋಸೆಸ್, ಡಬ್ಬಿ ಚೆಕ್ ಮಾಡು.”

ರತ್ನವ್ವ ನಿಂತಳು. ತಾನೇ ಮುಚ್ಚಳ ಕಿತ್ತು ಡಬ್ಬಿಯನ್ನು ಕ್ಯಾಮೆರಾಕ್ಕೆ ಎತ್ತಿ ಹಿಡಿದಳು. “ನೋಡ್ಕೊಳ್ರಿ. ಇವತ್ತ ಬಿಸ್ಕೀಟ ಇಲ್ಲ.”

ಆಮೇಲೆ ಮೋಸೆಸನ ಮುಂದೆ ಹಿಡಿದಳು. ಅವನು ಒಳಗೆ ನೋಡಲಿಲ್ಲ. ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ಡಬ್ಬಿಗೆ ಒತ್ತಿ ಹಾಕಿದ. ಕೊರಳಿನ ಸೀಟಿ ತೆಗೆದ. ಟೊಪ್ಪಿಗೆ ತೆಗೆದ. ಎರಡನ್ನೂ ಗೇಟಿನ ಚಿಲಕಕ್ಕೆ ತೂಗುಹಾಕಿ ಹೊರಗೆ ನಡೆದ.

“ಏ ಮೋಸೆಸ್, ಎಲ್ಲಿ ಹೊಂಟಿ?” ಎಂದು ಬಸವಪ್ರಭು ಕೂಗಿದ. “ಡ್ಯೂಟಿ ಮುಗದಿಲ್ಲ ನಿಂದು!”

“ಹೆಗಲ ಕೊಡಾಕ.”

“ಹೊಳ್ಳಿ ಯಾವಾಗ ಬರಾಂವ?”

ಮೋಸೆಸ್ ವಿಮಾನದ ಗಳಕ್ಕೆ ಹೆಗಲು ಕೊಟ್ಟ. ಕುಬೇರಪ್ಪ ಎಲ್ಲರ ತಲೆಯ ಮೇಲೆ ಎದ್ದ. ಹಲಗೆ ಮತ್ತೆ ಶುರುವಾಯಿತು. ಡಬ್ಬಿಯನ್ನು ಎದೆಗೆ ಅವಚಿಕೊಂಡ ರತ್ನವ್ವ ಮುಂದೆ, ಅವಳ ಹಿಂದೆ ಜನ, ಹಳ್ಳದ ದಾರಿ ಹಿಡಿದರು.

ಒಳಗಿನಿಂದ ಬಿಸ್ಕೀಟು ಹೇರಿದ ಲಾರಿ ಬಂದು ಗೇಟಿನಲ್ಲಿ ನಿಂತು ಹಾರ್ನು ಹೊಡೆಯಿತು. ಯಾರೂ ಬರಲಿಲ್ಲ. ಮತ್ತೆ ಹೊಡೆಯಿತು. ಮ್ಯಾನೇಜರ್ ಫೋನಿನಿಂದ ತಲೆ ಎತ್ತಿ ಬಸವಪ್ರಭುವನ್ನು ನೋಡಿದರು.

ಬಸವಪ್ರಭು ಹಳ್ಳದ ದಾರಿಯ ಕಡೆ ಒಮ್ಮೆ ನೋಡಿದ. ಆಮೇಲೆ ಹೋಗಿ ಗೇಟು ತೆಗೆದ. ಲಾರಿ ಹೋದ ಮೇಲೆ ಮುಚ್ಚಿದ. ಇನ್ನೊಂದು ಲಾರಿ ಬಂತು. ಅವನು ಅಲ್ಲೇ ನಿಂತ. ಕಾಲು ನೋಯತೊಡಗಿದಾಗ ಕೂರಲು ಸುತ್ತ ಕಣ್ಣಾಡಿಸಿದ.

ಕತ್ತಲಾಯಿತು. ಮಣ್ಣು ಕೊಟ್ಟ ಜನ ಅದೇ ರಸ್ತೆಯಲ್ಲಿ ಊರಿಗೆ ಮರಳಿದರು. ಮೋಸೆಸನ ಟೊಪ್ಪಿಗೆ ಚಿಲಕದಲ್ಲೇ ತೂಗುತ್ತಿತ್ತು. ಅದನ್ನು ತೆಗೆದುಕೊಳ್ಳಲು ಅವನು ಬರಲಿಲ್ಲ.